ಮಂಡಕ್ಕಿ ಭಟ್ಟಿ ಹೊಗೆ, ಮಲ್ಪೆ ನೀರು, ಬಿಳಿ ಪುಡಿ

"ದಾವಣಗೆರೇಲಿ ಸಮುದ್ರ ಎಲ್ಲೈತಣ್ಣ?" ಪ್ಲೇಟಿಂಗ್ (ಕರೆಂಟಿನಿಂದ ಲೋಹದ ಮೇಲೆ ಲೋಹ ಲೇಪಿಸುವ) ಕೆಲಸದ ಗೆಳೆಯರೇ ಹೀಗೆ ಕೇಳುತ್ತಿದ್ದರು. ಒಂದೂವರೆ ವರ್ಷ ಕೇಳಿದರು. ಈಗ ನನ್ನ ಶೆಡ್ಡಿನಲ್ಲಿ ನಾಲ್ಕು ಕೆಜಿ ಬಿಳಿ ಪುಡಿ ಇದೆ. ಸಮುದ್ರದ ನೀರಿಗೆ ಕರೆಂಟ್ ಕೊಟ್ಟು ಹೊಗೆ ಬಿಟ್ಟಾಗ ಬಿದ್ದದ್ದು. ಅದರೊಳಗೆ ಒಂದು ಕೆಜಿಗೂ ಮೇಲೆ ಇಂಗಾಲದ ಡೈಆಕ್ಸೈಡ್ ಕೂತಿದೆ. ಬಹುಪಾಲು ಹಿಂದಿನ ಗೋಡೆಯಾಚೆಯ ಮಂಡಕ್ಕಿ ಭಟ್ಟಿಯದು. ಅಲ್ಲಿ ಉರಿಯುವುದು ಭತ್ತದ ಹೊಟ್ಟು. ಆ ಇಂಗಾಲವನ್ನು ಭತ್ತ ಗಾಳಿಯಿಂದಲೇ ಎಳೆದುಕೊಂಡಿರುತ್ತೆ. ಅದನ್ನು ಕಲ್ಲು ಮಾಡಿಟ್ಟರೆ ಗಾಳಿಯಿಂದ ತೆಗೆದ ಹಾಗೇ ಅಲ್ವಾ?

ಮೊದಲು ಅಂಗಡಿ ಉಪ್ಪು ಕಲಸಿ ಕರೆಂಟ್ ಬಿಟ್ಟೆ. ಏನೂ ಬೀಳಲಿಲ್ಲ. ಇಂಗಾಲದ ಡೈಆಕ್ಸೈಡ್ ಹಿಡಿದು ಬೀಳಬೇಕಾದ್ದು ಕ್ಯಾಲ್ಸಿಯಂ, ಮೆಗ್ನೀಸಿಯಂ. ಸಮುದ್ರದ ಒಂದು ಲೀಟರ್ ನೀರಲ್ಲಿ ಕ್ಯಾಲ್ಸಿಯಂ 0.4 ಗ್ರಾಂ, ಮೆಗ್ನೀಸಿಯಂ 1.3 ಗ್ರಾಂ ಹತ್ತಿರ ಇರುತ್ತೆ. ಪ್ಯಾಕೆಟ್ ಉಪ್ಪಿನಲ್ಲಿ ಅವೆರಡನ್ನೂ ತೊಳೆದಿರುತ್ತಾರೆ. ಕೊನೆಗೆ ಮಲ್ಪೆಯಿಂದ ಮೀನು ತರುವ ಗಾಡಿಯವರಿಗೆ ಹೇಳಿ ನೀರು ತರಿಸಿದೆ. 20 ಲೀಟರ್ ಕ್ಯಾನಿಗೆ 40 ರೂಪಾಯಿ.

ಆನೋಡ್, ಅಂದರೆ ಕರೆಂಟಿನ ಪ್ಲಸ್ ತುದಿ, ನನ್ನ ದುಡ್ಡು ತಿಂದಿತು. ಸ್ಟೀಲ್ ತಗಡು ಎರಡೇ ದಿನಕ್ಕೆ ಕರಗಿ ನೀರು ಹಳದಿಯಾಯಿತು. ಅದು ಕ್ರೋಮಿಯಂ, ನಮ್ಮ ಕೆಲಸದವರಿಗೆ ಗೊತ್ತೇ ಇದೆ. ಗ್ರಾಫೈಟ್ ಉದುರಿತು. ಕೋಟಿಂಗ್ ಇರುವ ಟೈಟಾನಿಯಂ ಜಾಲರಿ ಹಳೆಯದು ಸಿಕ್ಕಿತು, ಮೂರೂವರೆ ಸಾವಿರ. ಅದು ತಾಳಿತು, ಆದರೆ ಕ್ಲೋರಿನ್ ಬಿಟ್ಟಿತು. ಎರಡು ದಿನ ಎದೆ ಉರಿ.

ದಾರಿ ತೋರಿಸಿದ್ದು ಮಣ್ಣಿನ ಮಡಕೆ. ಆನೋಡನ್ನು ಮಡಕೆಯೊಳಗೆ ಸೋಡಿಯಂ ಸಲ್ಫೇಟ್ ನೀರಲ್ಲಿ ಇಳಿಸಿದೆ, ಕ್ಯಾಥೋಡನ್ನು (ಮೈನಸ್ ತುದಿ) ಹೊರಗೆ ಸಮುದ್ರದ ನೀರಲ್ಲಿ. ಕ್ಲೋರಿನ್ ವಾಸನೆ ಬಹಳ ಇಳಿಯಿತು. ಆನೋಡ್ ಹತ್ತಿರ ಹುಟ್ಟುವ ಆಸಿಡ್ ಒಳಗೇ ಉಳಿಯಿತು. ಒಟ್ಟು ಹನ್ನೊಂದು ಮಡಕೆ ಒಡೆದವು. ಹನ್ನೆರಡನೆಯದಕ್ಕೆ ಕುಂಬಾರರ ಹತ್ತಿರ ಒಂದು ಬದಲಾವಣೆ ಹೇಳಿದೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಈಗ ಆರು ಮಡಕೆ ಓಡುತ್ತಿವೆ, ಒಟ್ಟು 20 ಆಂಪ್ಸ್, ಆರು ವೋಲ್ಟ್ ಆಸುಪಾಸು.

ಹೊಗೆಯನ್ನು ಎರಡು ಡ್ರಮ್ ನೀರಲ್ಲಿ ತೊಳೆದೇ ಬಿಡಬೇಕು, ಇಲ್ಲದಿದ್ದರೆ ಪುಡಿ ಬೂದಿ ಬಣ್ಣಕ್ಕೆ ತಿರುಗುತ್ತೆ. ಒಂದು ಸಲ ಸಂಜೆ ಟ್ಯಾಂಕ್ ಹಾಲಿನಂತಿತ್ತು. ಖುಷಿಯಲ್ಲಿ ರಾತ್ರಿಯಿಡೀ ಹೊಗೆ ಬಿಟ್ಟೆ. ಬೆಳಿಗ್ಗೆ ನೋಡಿದರೆ ನೀರು ತಿಳಿ! ಜಾಸ್ತಿ ಅನಿಲ ಹೋಗಿ ಪಿಎಚ್ (ನೀರಿನ ಕ್ಷಾರದ ಅಳತೆ) ಇಳಿದು ಬಿದ್ದದ್ದೆಲ್ಲ ಮತ್ತೆ ಕರಗಿತ್ತು. ಈಗ ಒಂಬತ್ತೂವರೆಗಿಂತ ಕೆಳಗೆ ಬರಲು ಬಿಡುವುದಿಲ್ಲ.

100 ಲೀಟರಿಗೆ ಒಣಗಿದ ಪುಡಿ ಸುಮಾರು 280 ಗ್ರಾಂ. ಆಸಿಡ್ ಹಾಕಿ ತೂಕದ ವ್ಯತ್ಯಾಸ ನೋಡಿದರೆ ಅದರಲ್ಲಿ 80 ಗ್ರಾಂ ಇಂಗಾಲದ ಡೈಆಕ್ಸೈಡ್. ಕರೆಂಟ್ ಒಂದೂವರೆ ಯೂನಿಟ್. ಲೈನ್ ಕರೆಂಟಿನಲ್ಲಿ ಇದನ್ನು ಮಾಡಿದರೆ ಹಿಡಿದದ್ದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಕಲ್ಲಿದ್ದಲ ಹೊಗೆ ಬೇರೆ ಕಡೆ ಏಳುತ್ತೆ. ಅದಕ್ಕೇ ಎರಡು ಸೋಲಾರ್ ಪ್ಯಾನಲ್ ಹಾಕಿದೆ. ಅದೂ ಸೇರಿ ಇಲ್ಲಿಯವರೆಗೆ 65 ಸಾವಿರದ ಹತ್ತಿರ ಖರ್ಚು.

ಪುಡಿ ಬೀಳಿಸುವುದು ಸುಲಭ. ಕಷ್ಟ ಇರುವುದು ಮಡಕೆಯ ಆಸಿಡ್‌ನಲ್ಲಿ. ಅದನ್ನು ಚರಂಡಿಗೆ ಸುರಿದರೆ ಹೋದಲ್ಲಿ ಮತ್ತೆ ಇಂಗಾಲದ ಡೈಆಕ್ಸೈಡ್ ಬಿಡಿಸುತ್ತೆ, ಮಾಡಿದ್ದೆಲ್ಲ ಸುಮ್ನೆ. ಆಸಿಡ್ ಸಾಯಿಸಲು ಚಿತ್ರದುರ್ಗದ ಕಡೆಯ ಕಪ್ಪು ಕಲ್ಲಿನ ಕ್ರಷರ್ ಪುಡಿ ತಂದು ಅದಕ್ಕೆ ಹಾಕಿದೆ. ಬುಸ್ಸೆಂದು ನೊರೆ ಬಂತು. ಕಲ್ಲಿನೊಳಗಿದ್ದ ಸುಣ್ಣದಂಶ ಕರಗಿ ಇಂಗಾಲದ ಡೈಆಕ್ಸೈಡನ್ನೇ ವಾಪಸ್ ಬಿಡುತ್ತಿತ್ತು! ಅಂದಿನಿಂದ ಜೇಬಲ್ಲಿ ಆಸಿಡ್ ಬಾಟಲಿ ಇಟ್ಟುಕೊಂಡೇ ಕ್ರಷರಿಗೆ ಹೋಗುತ್ತೇನೆ. ಒಂದು ಹನಿಗೆ ನೊರೆ ಬಾರದ ರಾಶಿಯನ್ನೇ ತರುತ್ತೇನೆ. ಆಸಿಡ್ ಸಾಯಲು ಎರಡು ವಾರ ಬೇಕು, ಆದರೆ ಸಾಯುತ್ತೆ.

ಅಲ್ಲೇ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಕಲ್ಲುಗಳಿವೆ. ಸುಮಾರು 250 ಕೋಟಿ ವರ್ಷದ ಹಿಂದೆ ನೀರೊಳಗೇ ಉಕ್ಕಿ ಹೆಪ್ಪುಗಟ್ಟಿದವು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಮುಟ್ಟುವಂತಿಲ್ಲ, ನಾನೂ ಮುಟ್ಟಿಲ್ಲ. ಸಮುದ್ರ ಎಲ್ಲೈತಣ್ಣ ಅಂದವರನ್ನು ಕರೆದುಕೊಂಡು ಹೋಗಿ ತೋರಿಸಿದ್ದು ಅದನ್ನೇ.

ಇದರ ಮಧ್ಯೆ ಒಂದು ಕಬ್ಬಿಣದ ಜಾಲರಿಯನ್ನು ಕ್ಯಾಥೋಡ್ ಮಾಡಿ ಕಡಿಮೆ ಕರೆಂಟಿನಲ್ಲಿ 40 ದಿನ ಬಿಟ್ಟೆ. 1970ರ ದಶಕದಲ್ಲಿ ವುಲ್ಫ್ ಹಿಲ್ಬರ್ಟ್ಸ್ ಎಂಬ ವಾಸ್ತುಶಿಲ್ಪಿ ಸಮುದ್ರದಲ್ಲೇ ಹೀಗೆ ಕಲ್ಲು ಬೆಳೆಸಿದ್ದರು. ನನ್ನದಕ್ಕೆ ಒಂದೂವರೆ ಮಿಲಿಮೀಟರ್ ಗಟ್ಟಿ ಪದರ ಬಂತು, ಉಗುರಿಗೆ ಜಗ್ಗುವುದಿಲ್ಲ. ಕರೆಂಟ್ ಜಾಸ್ತಿ ಕೊಟ್ಟ ಇನ್ನೊಂದು ಜಾಲರಿಯಲ್ಲಿ ಬರೀ ಮೆತ್ತನೆಯ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಕೂತಿತು, ಬೆರಳಿಗೇ ಉದುರುತ್ತೆ. ಗಟ್ಟಿ ಪದರದ ಜಾಲರಿಯನ್ನು ಮತ್ತೆ ಟ್ಯಾಂಕಿಗೆ ಇಳಿಸಿದ್ದೇನೆ.