ಸೊಪ್ಪಿನಮ್ಮನಿಗೆ ಸ್ವನಿಧಿ ಸಾಲ: ಮೊದಲು ಗುರುತಿನ ಚೀಟಿ, ಆಮೇಲೆ ಬ್ಯಾಂಕು

ನಸುಕಿನಲ್ಲೇ ಕೆ.ಆರ್. ಮಾರುಕಟ್ಟೆಗೆ ಬರುವ ಹೂವಾಡಗಿತ್ತಿ ಸೇವಂತಿಗೆ ಕೊಳ್ಳುವ ಮೊದಲು ಸಾಲ ಕೊಡುವವನ ಎದುರು ನಿಲ್ಲುತ್ತಾಳೆ. ಅವನು ಕೈಗಿಡುವುದು 900 ರೂಪಾಯಿ, ಸಂಜೆ ಎಣಿಸಿಕೊಳ್ಳುವುದು 1,000. ತಿಂಗಳಲ್ಲಿ 25 ದಿನ ಹೀಗೆ ನಡೆದರೆ ಬಡ್ಡಿಯೇ 2,500 ರೂಪಾಯಿ. ಅಷ್ಟು ಕಟ್ಟಿದ ಮೇಲೂ ಮರುದಿನದ ಬಂಡವಾಳ ಅವಳದ್ದಲ್ಲ.

ಈ ಮೀಟರ್ ಬಡ್ಡಿಯಿಂದ ಬಿಡಿಸಲೆಂದೇ ರಾಜ್ಯ ಸರ್ಕಾರ 2018ರಲ್ಲಿ ಬೀದಿಬದಿ ವ್ಯಾಪಾರಿಗಳಿಗೆ ‘ಬಡವರ ಬಂಧು’ ಸಾಲ ಯೋಜನೆ ತಂದಿತು. ಕೋವಿಡ್ ಕಾಲದಲ್ಲಿ, 2020ರ ಜೂನ್‌ನಲ್ಲಿ, ಇವರಿಗಾಗಿಯೇ ಕೇಂದ್ರದ ‘ಪಿಎಂ ಸ್ವನಿಧಿ’ ಸಾಲ ಯೋಜನೆ ಬಂತು. 2025ರಲ್ಲಿ ಅದನ್ನು ಪರಿಷ್ಕರಿಸಿ, ಸಾಲ ನೀಡುವ ಅವಧಿಯನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಲಾಗಿದೆ. ಅಡಮಾನ ಬೇಕಿಲ್ಲ. ಮೊದಲ ಸಾಲ 15,000 ರೂಪಾಯಿವರೆಗೆ, ಅದು ತೀರಿದರೆ 25,000ದವರೆಗೆ, ಅದೂ ತೀರಿದರೆ 50,000ದವರೆಗೆ.

ಇದನ್ನು ಓದುತ್ತಿರುವವರಲ್ಲಿ ಹೆಚ್ಚಿನವರು ವ್ಯಾಪಾರಿಗಳಲ್ಲ. ಆದರೆ ಮನೆ ಬಾಗಿಲಿಗೆ ಸೊಪ್ಪು ತರುವ ಒಬ್ಬರಾದರೂ ನಮಗೆಲ್ಲ ಗೊತ್ತು. ಒಂದು ಮಧ್ಯಾಹ್ನ ಅವರೊಂದಿಗೆ ಕುಳಿತು ಈ ಸ್ವನಿಧಿ ಸಾಲದ ಕೆಲಸ ಮಾಡಿಕೊಡಿ.

ಮೊದಲ ಹೆಜ್ಜೆ: ವ್ಯಾಪಾರಿ ಎಂಬ ದಾಖಲೆ

ಹೆಚ್ಚು ಹೊತ್ತು ಹಿಡಿಯುವುದು ಇದೇ. ಪಾಲಿಕೆ ನಡೆಸಿದ ಬೀದಿಬದಿ ವ್ಯಾಪಾರಿಗಳ ಸಮೀಕ್ಷೆಯಲ್ಲಿ ಹೆಸರಿದ್ದು ಗುರುತಿನ ಚೀಟಿ ಅಥವಾ ವ್ಯಾಪಾರ ಪ್ರಮಾಣಪತ್ರ ಇದ್ದರೆ ಅರ್ಧ ಕೆಲಸ ಮುಗಿದಂತೆ. ಇಲ್ಲದಿದ್ದರೆ ಪಾಲಿಕೆಯಿಂದ ‘ಶಿಫಾರಸು ಪತ್ರ’ ಕೇಳಬೇಕು. ಲಾಕ್‌ಡೌನ್ ವೇಳೆ ಪರಿಹಾರ ಪಡೆದ ದಾಖಲೆ, ವ್ಯಾಪಾರಿಗಳ ಸಂಘದ ಸದಸ್ಯತ್ವ, ಹಿಂದೆ ವ್ಯಾಪಾರಕ್ಕೆಂದು ಮಾಡಿದ್ದ ಸಾಲದ ಕಾಗದ, ಇವುಗಳಲ್ಲಿ ಯಾವುದಿದ್ದರೂ ಜೊತೆಗಿಡಿ. ಏನೂ ಇಲ್ಲದವರು ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಡಬಹುದು. ಪಾಲಿಕೆಯವರು ಸ್ಥಳದಲ್ಲಿ ವಿಚಾರಿಸಿ ತೀರ್ಮಾನಿಸಬೇಕು. ಇದಕ್ಕೆ ಯೋಜನೆಯ ಮಾರ್ಗಸೂಚಿ ಕೊಟ್ಟಿರುವ ಗಡುವು 15 ದಿನ. ಆದ್ದರಿಂದ ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಬರೆಸಿಕೊಳ್ಳಿ.

ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಒಂದರ ಬದಲು ಐದು ನಗರ ಪಾಲಿಕೆಗಳಿವೆ. ತಳ್ಳುಗಾಡಿ ನಿಲ್ಲುವ ಜಾಗ ಯಾವ ಪಾಲಿಕೆಗೆ ಸೇರುತ್ತದೆ ಎಂದು ಮೊದಲೇ ತಿಳಿದುಕೊಂಡರೆ ಒಂದು ದಿನದ ದುಡಿಮೆ ಉಳಿಯುತ್ತದೆ.

ಈ ಚೀಟಿಯ ಬೆಲೆ ಸಾಲಕ್ಕಿಂತ ದೊಡ್ಡದು ಎಂದೇ ನಾನು ನಂಬಿದ್ದೇನೆ. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಯಾವ ಬೀದಿಬದಿ ವ್ಯಾಪಾರಿಯನ್ನೂ ತೆರವುಗೊಳಿಸುವಂತಿಲ್ಲ ಎನ್ನುತ್ತದೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ. ಗಾಡಿ ಎತ್ತಿಕೊಂಡು ಹೋಗಲು ಬಂದವರ ಮುಂದೆ ತೋರಿಸಲು ಕೈಯಲ್ಲಿ ಒಂದು ಕಾಗದ ಇರಬೇಕು.

ಎರಡನೆಯದು: ಆಧಾರ್ ಮತ್ತು ಮೊಬೈಲ್

ಅರ್ಜಿ ಹಾಕುವಾಗ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರುತ್ತದೆ. ಆ ಸಂಖ್ಯೆ ಎಂದೋ ಕಳೆದುಹೋದ ಸಿಮ್‌ನದ್ದೋ ಊರಿನಲ್ಲಿರುವ ಮಗನದ್ದೋ ಆಗಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಮೊದಲು ಆಧಾರ್ ಕೇಂದ್ರದಲ್ಲಿ ಸಂಖ್ಯೆ ಬದಲಿಸಿ. ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಾಸ್‌ಬುಕ್‌ನಲ್ಲಿ ಲಕ್ಷ್ಮೀದೇವಮ್ಮ ಎಂದಿದ್ದರೆ ಅದನ್ನೂ ಈಗಲೇ ಸರಿಪಡಿಸಿಕೊಳ್ಳಿ.

ಮೂರನೆಯದು: ಅರ್ಜಿ

ಪಿಎಂ ಸ್ವನಿಧಿ ಪೋರ್ಟಲ್, ಸಾಮಾನ್ಯ ಸೇವಾ ಕೇಂದ್ರ ಅಥವಾ ಖಾತೆ ಇರುವ ಬ್ಯಾಂಕ್ ಶಾಖೆ, ಎಲ್ಲಿಂದಾದರೂ ಹಾಕಬಹುದು. ಸಾಲ ಮಾಡಿಸಿಕೊಡುತ್ತೇನೆ ಎಂದು ಪಾಲು ಕೇಳುವವರಿಗೆ ಬಿಡಿಗಾಸೂ ಕೊಡಬೇಡಿ. ಶಾಖೆಯಲ್ಲಿ ಜಾಮೀನು ಕೇಳಿದರೆ, ಈ ಸಾಲಕ್ಕೆ ಸರ್ಕಾರದ್ದೇ ಖಾತರಿ ವ್ಯವಸ್ಥೆ ಇದೆ ಎಂದು ನೆನಪಿಸಿ.

ಹಣ ಬಂದ ಮೇಲೆ

ಮೊದಲ ಸಾಲ 12 ತಿಂಗಳ ಕಂತಿನದು. ದಿನಕ್ಕೆ 50 ರೂಪಾಯಿ ಬೇರೆ ಡಬ್ಬಿಯಲ್ಲಿ ಎತ್ತಿಟ್ಟರೆ ತಿಂಗಳ ಕಂತಿಗೆ ಸಾಲುತ್ತದೆ. ಸರಿಯಾದ ವೇಳೆಗೆ ಕಟ್ಟಿದವರ ಖಾತೆಗೆ ವಾರ್ಷಿಕ ಶೇ 7ರಷ್ಟು ಬಡ್ಡಿ ಸಹಾಯಧನ ಬರುತ್ತದೆ. ಕಂತುಗಳು ಬಾಕಿ ಉಳಿದು ಸಾಲ ಸುಸ್ತಿಯಾದರೆ ಅದು ಕೈತಪ್ಪುತ್ತದೆ. ಗ್ರಾಹಕರಿಂದ ಯುಪಿಐ ಮೂಲಕ ಹಣ ಪಡೆದರೆ ಕ್ಯಾಶ್‌ಬ್ಯಾಕ್ ಕೂಡ ಉಂಟು.

ಇನ್ನೊಂದನ್ನು ಕೇಳಲು ಮರೆಯಬೇಡಿ. ‘ಸ್ವನಿಧಿಯಿಂದ ಸಮೃದ್ಧಿ’ ಎಂಬ ಭಾಗದಲ್ಲಿ ವ್ಯಾಪಾರಿಯ ಮನೆಯವರ ವಿವರ ಪಡೆದು ಎಂಟು ಯೋಜನೆಗಳಿಗೆ ಜೋಡಿಸುತ್ತಾರೆ. ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, ಪಡಿತರ, ಗರ್ಭಿಣಿಯರ ನೆರವು ಅದರಲ್ಲಿವೆ. ಇಡೀ ದಿನ ರಸ್ತೆ ಬದಿಯಲ್ಲಿ ಕೂರುವವರಿಗೆ ಆ ಅಪಘಾತ ವಿಮೆ ಬೇಕೇ ಬೇಕು.

ಕೊನೆಯ ಕಂತು ಕಟ್ಟಿದ ದಿನ ಶಾಖೆಯಿಂದ ಬಾಕಿ ಇಲ್ಲವೆಂಬ ಪತ್ರ ಪಡೆದು, 25,000 ರೂಪಾಯಿವರೆಗಿನ ಎರಡನೇ ಸಾಲಕ್ಕೆ ಅರ್ಜಿ ಹಾಕಿಸಿ.