ಪರದೆಯ ಮೇಲೆ ಆಗುಂಬೆ ಮಳೆ: ಡೆಸ್ಕ್‌ಟಾಪ್ ಹವಾಮಾನ ಆ್ಯಪ್ ಮಾಡಿಕೊಂಡ ಬಗೆ

ಸಿದ್ಧ ಆ್ಯಪ್‌ಗಳಲ್ಲಿ ತುಂತುರಿಗೂ ಜಡಿಮಳೆಗೂ ಸಾಮಾನ್ಯವಾಗಿ ಒಂದೇ ಅನಿಮೇಶನ್. ನನಗೆ ಬೇಕಿದ್ದದ್ದು ಆಗುಂಬೆಯಲ್ಲಿ ಎಷ್ಟು ಮಳೆಯೋ ಅಷ್ಟೇ, ಗಾಳಿ ಎತ್ತಲೋ ಅತ್ತಲೇ ಓರೆಯಾಗಿ, ಪರದೆಯಲ್ಲಿ ತೆರೆದ ಕಿಟಕಿಗಳ ಮೇಲೆ ಸುರಿಯುವುದು. ವಿಂಡೋಸ್, ಪೈಥಾನ್, ಪೈಸೈಡ್6 (ಕ್ಯೂಟಿ ಎಂಬ ಕಿಟಕಿ-ಚಿತ್ರಗಳ ತಂತ್ರಾಂಶವನ್ನು ಪೈಥಾನ್‌ನಲ್ಲಿ ಬಳಸುವ ಲೈಬ್ರರಿ) ಇಷ್ಟೇ ಸಾಕಾಯಿತು.

ಅಂಕಿಗಳು ಓಪನ್-ಮೀಟಿಯೊ ಎಂಬ ಆನ್‌ಲೈನ್ ಹವಾಮಾನ ಸೇವೆಯವು. ವಾಣಿಜ್ಯ ಬಳಕೆ ಅಲ್ಲದಿದ್ದರೆ ಕೀ (ಗುರುತಿನ ಸಂಕೇತ) ಬೇಡ. ದಿನಕ್ಕೆ 10,000 ವಿನಂತಿಯವರೆಗೆ ಉಚಿತ. 15 ನಿಮಿಷಕ್ಕೊಮ್ಮೆ ಕೇಳಿದರೆ 96 ಆಗುತ್ತವೆ. ಇನ್ನೂ ಬೇಗ ಕೇಳಿ ಉಪಯೋಗವಿಲ್ಲ. ನಮ್ಮ ಕಡೆಗೆ ಅದು ಕೊಡುವ 'ಈಗಿನ' ಮಳೆ ಗಂಟೆಯ ಮಾದರಿಯಿಂದ 15 ನಿಮಿಷಕ್ಕೆ ಹಂಚಿದ್ದು, ಮಳೆಮಾಪಕದ್ದಲ್ಲ. ಗಂಟೆಯ ದರ ಬೇಕಾದರೆ ನಾಲ್ಕರಿಂದ ಗುಣಿಸಿ. ಟೈಮ್‌ಝೋನ್ ಕೊಡಲು ಮರೆತರೆ ಸಮಯ ಜಿಎಂಟಿಯಲ್ಲಿ ಬರುತ್ತದೆ, ಸಂಜೆ ನಾಲ್ಕೂವರೆಯ ಗುಡುಗು ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಕೂರುತ್ತದೆ.

ಹನಿಗಳ ಸಂಖ್ಯೆಗೆ ಮಿಲಿಮೀಟರ್‌ನ ವರ್ಗಮೂಲ ಹಿಡಿದೆ: 60 + 120 × √ಮಿ.ಮೀ. ಗಂಟೆಗೆ 1 ಮಿ.ಮೀ.ಗೆ 180, 25ಕ್ಕೆ 660. ನೇರ ಅನುಪಾತ ಹಾಕಿದರೆ ಸಣ್ಣ ಮಳೆ ಕಾಣುವುದಿಲ್ಲ, ದೊಡ್ಡ ಮಳೆಯಲ್ಲಿ ಅಕ್ಷರ ಕಾಣುವುದಿಲ್ಲ. ಅಂಕಿಗಳ ಜೊತೆ ಬರುವ ಹವೆಯ ಕೋಡ್‌ಗಳನ್ನು ಮಂಜು (45) ಮತ್ತು ಮಿಂಚಿಗೆ (95) ಮಾತ್ರ ಬಳಸಿದೆ.

ಓರೆಯಲ್ಲೇ ಹೆಚ್ಚು ಎಡವುವುದು. 2 ಮಿ.ಮೀ. ವ್ಯಾಸದ ಹನಿ ಸೆಕೆಂಡಿಗೆ ಸುಮಾರು 6.5 ಮೀಟರ್ ಬೀಳುತ್ತದೆ. ಗಾಳಿ ಬರುವುದು ಗಂಟೆಗೆ ಕಿ.ಮೀ. ಲೆಕ್ಕದಲ್ಲಿ; 3.6ರಿಂದ ಭಾಗಿಸಿದರೆ 23 ಕಿ.ಮೀ. ಗಾಳಿಗೆ ಸರಿಸುಮಾರು 45 ಡಿಗ್ರಿ ಓರೆ. ಭಾಗಿಸದಿದ್ದರೆ ಮಳೆ ಹೆಚ್ಚುಕಡಿಮೆ ಅಡ್ಡಡ್ಡ ಹೋಗುತ್ತದೆ. ಇನ್ನೊಂದು, ದಿಕ್ಕಿನ ಅಂಕಿ ಗಾಳಿ *ಎಲ್ಲಿಂದ* ಬಂತು ಎಂಬುದು. 270 ಎಂದರೆ ಪಡುವಣ ಗಾಳಿ. ಪರದೆಯ ಮೇಲ್ಗಡೆ ಉತ್ತರ ಎಂದುಕೊಂಡರೆ ಹನಿ ಬಲಕ್ಕೆ ಸಾಗಬೇಕು, ಹಾಗಾಗಿ ದಿಕ್ಕಿನ ಕೋನದ ಸೈನ್‌ಗೆ (sine) ಋಣಚಿಹ್ನೆ. ಜುಲೈ ತಿಂಗಳಲ್ಲಿ ಆಗುಂಬೆ ಮಳೆ ಎಡಕ್ಕೆ ಬೀಳುತ್ತಿದ್ದರೆ ಮೊದಲು ಆ ಚಿಹ್ನೆ ನೋಡಿ.

ಮಳೆಯ ಕಿಟಕಿಗೆ ಚೌಕಟ್ಟು ಬೇಡ, ಹಿನ್ನೆಲೆ ಪಾರದರ್ಶಕ, ಎಲ್ಲದರ ಮೇಲೆ, ಮೌಸ್‌ಗೆ ತಾಗದಂತೆ. ಕೊನೆಯದನ್ನು ಬಿಟ್ಟರೆ ಕ್ಲಿಕ್‌ಗಳೆಲ್ಲ ಮಳೆಗೇ ಬೀಳುತ್ತವೆ. ಮುಚ್ಚಲು ಟ್ರೇ ಐಕಾನ್ ಮೊದಲೇ ಇಡಿ, ಇಲ್ಲದಿದ್ದರೆ ಟಾಸ್ಕ್ ಮ್ಯಾನೇಜರೇ ಗತಿ. ಟೈಮರ್ 33 ಮಿಲಿಸೆಕೆಂಡ್. ಹನಿಗಳನ್ನು ಒಂದೊಂದಾಗಿ ಎಳೆಯದೆ ಎಲ್ಲ ಗೆರೆಗಳನ್ನೂ ಒಂದೇ ಕರೆಯಲ್ಲಿ ಎಳೆಯಿರಿ. ಅಂಕಿ ಕೇಳುವ ನೆಟ್ ವಿನಂತಿ ಚಿತ್ರ ಬರೆಯುವ ಥ್ರೆಡ್‌ನಲ್ಲೇ (ಕೆಲಸದ ಸರತಿಯಲ್ಲೇ) ಇದ್ದರೆ ಮಳೆ ಗಾಳಿಯಲ್ಲೇ ನಿಂತುಬಿಡುತ್ತದೆ, ನೋಡಲು ಚೆಂದವೇ, ಆದರೆ ತಪ್ಪು. ಕ್ಯೂಟಿಯ ನೆಟ್‌ವರ್ಕ್ ಮ್ಯಾನೇಜರ್‌ಗೆ ವಹಿಸಿದರೆ ಸರಿಹೋಗುತ್ತದೆ. ನೆಟ್ ಹೋದರೆ ಹಳೆಯ ಅಂಕಿಯಲ್ಲೇ ಮಳೆ ಸುರಿಯುತ್ತಿರುತ್ತದೆ. 45 ನಿಮಿಷ ದಾಟಿದ ಅಂಕಿಗೆ ಹನಿ ನಿಲ್ಲಿಸಿ, ಅಂಕಿ ಬಂದ ಸಮಯವನ್ನು ಬೂದು ಬಣ್ಣದಲ್ಲಿ ತೋರಿಸುತ್ತೇನೆ.

ಮುಂದಿನ ಆರು ಗಂಟೆಯ ಮುನ್ಸೂಚನೆ ಕೆಳಗಿನ ಮೂಲೆಯಲ್ಲಿ ಒಂದು ಸಾಲು. ಅಲ್ಲಿನ ಉಷ್ಣಾಂಶ ಎರಡು-ಮೂರು ಡಿಗ್ರಿ ಹೆಚ್ಚು ಕಂಡರೆ ನೀವು ಕೊಟ್ಟ ಬಿಂದು ಘಟ್ಟದ ಇಳಿಜಾರಿಗೆ ಜಾರಿದೆ ಎಂದರ್ಥ. ಅಕ್ಷಾಂಶ, ರೇಖಾಂಶಕ್ಕೆ 13.50, 75.09 ಎಂಬ ಎರಡು ದಶಮಾಂಶ ಘಟ್ಟದಂಚಿಗೆ ಸಾಲದು. ಎತ್ತರವನ್ನು 640 ಮೀಟರ್ ಎಂದು ನೀವೇ ಕೊಟ್ಟುಬಿಡಿ.