ಹರಪನಹಳ್ಳಿ ಮೂರು ಜಿಲ್ಲೆಯಲ್ಲಿತ್ತು: ವಿಕಿಪೀಡಿಯವನ್ನೂ ವಿಕಿಡೇಟಾವನ್ನೂ ಜೋಡಿಸಿದ ನನ್ನ ಅನುಭವ

"ಇದು ಆಗೋ ಕೆಲಸ ಅಲ್ಲ, ಬಿಟ್ಟುಬಿಡಿ" ಎಂದು ಮೂರು ಜನ ಹೇಳಿದ್ದರು. ಆಗಿದೆ. ಒಂದು ವರ್ಷದ ಮೇಲಾಯಿತು. ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ತಾಲ್ಲೂಕುಗಳ ಇನ್ನೂರರ ಹತ್ತಿರ ಊರುಗಳ ಬಗ್ಗೆ ಕನ್ನಡ ವಿಕಿಪೀಡಿಯ ಹೇಳುವುದೂ ಅದರ ಜೊತೆಯ ದತ್ತಾಂಶ ಭಂಡಾರ ವಿಕಿಡೇಟಾ ಹೇಳುವುದೂ ಈಗ ಒಂದೇ.

2021ರ ಫೆಬ್ರವರಿಯಲ್ಲಿ ಬಳ್ಳಾರಿ ಒಡೆದು ವಿಜಯನಗರ ಜಿಲ್ಲೆ ಆಯಿತಲ್ಲ, ಅಲ್ಲಿಂದ ಶುರು. ಊರಿನ ಪುಟಗಳಲ್ಲಿ ಬಳ್ಳಾರಿ ಅಂತಿದ್ದದ್ದನ್ನು ಕೆಲವರು ಕೈಯಲ್ಲಿ ತಿದ್ದಿದರು. ವಿಕಿಡೇಟಾದಲ್ಲಿ ಯಾರೂ ಮುಟ್ಟಲಿಲ್ಲ. ಕೆಲವು ಊರುಗಳದ್ದು ಉಲ್ಟಾ: ಅಲ್ಲಿ ಸರಿ, ಇಲ್ಲಿ ಹಳೆಯದು. ನಾನೂ ಒಂದು ತಿಂಗಳು ಕೂತು ತಿದ್ದಿದೆ. ತಿದ್ದಿದಷ್ಟೂ ಇನ್ನೊಂದು ಕಡೆ ಹಳಸುತ್ತಿತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ವಿಕಿ ತಿದ್ದುವ ಸಲಕರಣೆ ಪೈವಿಕಿಬಾಟ್‌ನಲ್ಲಿ ಎರಡೂ ಕಡೆಗೆ ಓಡುವ ಬಾಟ್, ಅಂದರೆ ತಾನಾಗಿಯೇ ತಿದ್ದುವ ಪ್ರೋಗ್ರಾಂ, ಬರೆದೆ. ಯಾವ ಕಡೆ ಕೊನೆಗೆ ಬದಲಾಯಿತೋ ಅದೇ ಗೆಲ್ಲಬೇಕು ಎನ್ನುವುದು ಲೆಕ್ಕ. ನಾಲ್ಕನೇ ರಾತ್ರಿ ಯಾರೋ ಒಂದು ಪುಟದಲ್ಲಿ ಜನಸಂಖ್ಯೆಗೆ ಒಂದು ಸೊನ್ನೆ ಜಾಸ್ತಿ ಹಾಕಿದರು. ಬಾಟ್ ಅದನ್ನು ನಿಷ್ಠೆಯಿಂದ ವಿಕಿಡೇಟಾಕ್ಕೆ ಹೊತ್ತುಕೊಂಡು ಹೋಯಿತು. ಮಾರನೇ ರಾತ್ರಿ ಅಲ್ಲಿಂದ ತಾಲ್ಲೂಕಿನ ಪಟ್ಟಿಗೂ ಬಂತು. ಅಷ್ಟರಲ್ಲಿ ಇಂಥವೇ ಇನ್ನೂ ಕೆಲವು ಸೇರಿಕೊಂಡಿದ್ದವು. ಒಟ್ಟು ಮುನ್ನೂರರ ಮೇಲೆ ಬದಲಾವಣೆಗಳನ್ನು ಎರಡು ದಿನ ಕೂತು ಕೈಯಲ್ಲಿ ರದ್ದು ಮಾಡಿದೆ. "ಆಗೋದಿಲ್ಲ" ಎಂಬ ಮಾತು ಹುಟ್ಟಿದ್ದು ಆ ವಾರ.

ಎರಡನೇ ಪೆಟ್ಟು ಹೆಸರುಗಳದ್ದು. ವಿಕಿಡೇಟಾದ ಎಷ್ಟೋ ಹಳ್ಳಿಗಳ ಕನ್ನಡ ಹೆಸರು (ಲೇಬಲ್) ಇಂಗ್ಲಿಷ್‌ನಿಂದ ಯಂತ್ರ ತೆಗೆದದ್ದು. ಇಂಗ್ಲಿಷ್‌ನಲ್ಲಿ ಟ, ತ ಒಂದೇ. ಡ, ದ ಒಂದೇ. ಳ, ಲ ಒಂದೇ. ಹಡಗಲಿ ಹೋಗಿ ಹದಗಲಿ ಆದರೆ ಆ ಊರಿನವರು ಒಪ್ಪುತ್ತಾರಾ? ನಾನೇ ಒಂದು ಲಿಪ್ಯಂತರದ ಸ್ಕ್ರಿಪ್ಟ್ ಬರೆದು ನೋಡಿದೆ. ಹತ್ತಕ್ಕೆ ಆರು ಸರಿ ಬಂದವು. ಉಳಿದ ನಾಲ್ಕು ಯಾವುವು ಎಂದು ಗೊತ್ತಾಗಬೇಕಾದರೆ ಹತ್ತನ್ನೂ ಓದಲೇಬೇಕು. ಹಾಗಾದರೆ ಸ್ಕ್ರಿಪ್ಟ್ ಯಾಕೆ? ಬಿಟ್ಟೆ.

ಕೊನೆಗೆ ದಾರಿ ತೋರಿಸಿದ್ದು ಒಂದೇ ತೀರ್ಮಾನ. ಪ್ರತಿ ವಿಷಯಕ್ಕೂ ಒಬ್ಬನೇ ಯಜಮಾನ. ಜನಸಂಖ್ಯೆ, ಅಕ್ಷಾಂಶ-ರೇಖಾಂಶ, ಜಿಲ್ಲೆ, ತಾಲ್ಲೂಕು, ಜನಗಣತಿ ಕೋಡ್, ಇವಕ್ಕೆ ವಿಕಿಡೇಟಾ ಯಜಮಾನ. ಕನ್ನಡ ಹೆಸರಿಗೆ ಕನ್ನಡ ವಿಕಿ ಯಜಮಾನ. ಪುಟದ ಬದಿಯ ಮಾಹಿತಿ ಚೌಕ, ಅಂದರೆ ಇನ್ಫೋಬಾಕ್ಸ್, ಸಂಖ್ಯೆಗಳನ್ನು ಅಲ್ಲಿಂದ ಎಳೆದುಕೊಳ್ಳುತ್ತದೆ, ಹೆಸರು ಇಲ್ಲಿಂದ ಅಲ್ಲಿಗೆ ಲೇಬಲ್ ಆಗಿ ಹೋಗುತ್ತದೆ. ಒಂದು ವಿಷಯ ಎಂದೂ ಎರಡು ದಿಕ್ಕಿಗೆ ಓಡುವುದಿಲ್ಲ. ಪುಟದಲ್ಲಿ ಕೈಯಲ್ಲಿ ಬರೆದ ಸಂಖ್ಯೆ ವಿಕಿಡೇಟಾದ್ದಕ್ಕೆ ಸರಿಹೊಂದಿದರೆ ಬಾಟ್ ಅದನ್ನು ಅಳಿಸುತ್ತದೆ. ಹೊಂದದಿದ್ದರೆ ಮುಟ್ಟುವುದಿಲ್ಲ, ಒಂದು ಪಟ್ಟಿಗೆ ಸೇರಿಸುತ್ತದೆ. ಆ ಪಟ್ಟಿ ನೋಡುವುದು ಮನುಷ್ಯರ ಕೆಲಸ. ಮೊದಲ ದಿನ ಅದರಲ್ಲಿ 90 ಊರು ಇದ್ದವು. ಈಗ ವಾರಕ್ಕೆ ಎರಡೋ ಮೂರೋ.

ಜೋಡಿಸುವುದು ಹೆಸರಿನಿಂದ ಅಲ್ಲ, 2011ರ ಜನಗಣತಿಯ ಆರು ಅಂಕಿಯ ಗ್ರಾಮ ಕೋಡ್‌ನಿಂದ. ಹೊಸಹಳ್ಳಿ, ಹೊಸೂರು, ಕೋಡಿಹಳ್ಳಿ ನಮ್ಮಲ್ಲಿ ಎಷ್ಟಿವೆ ಅಂತ ನಿಮಗೂ ಗೊತ್ತಲ್ವಾ. ಅದರ ಮೇಲೆ ಫಿಲಿಪೈನ್ಸ್‌ನ ಸೆಬುವಾನೊ ಭಾಷೆಯ ವಿಕಿಪೀಡಿಯಕ್ಕೆ ಬಾಟ್ ಸುರಿದ ಊರುಗಳಿಂದ ವಿಕಿಡೇಟಾದಲ್ಲಿ ಹುಟ್ಟಿದ ಜೋಡಿ ಐಟಂಗಳು (ನಮೂದುಗಳು) ಬೇರೆ. ಒಂದೇ ಊರಿಗೆ ಎರಡು ಕ್ಯೂ ಸಂಖ್ಯೆ, ಅಂದರೆ ವಿಕಿಡೇಟಾದ ಗುರುತಿನ ಸಂಖ್ಯೆ. ಇಪ್ಪತ್ತಾರು ಜೋಡಿ ವಿಲೀನ ಮಾಡಿದ ನೆನಪು. ಕೋಡ್ ಇಲ್ಲದ, ಹೆಸರೂ ಒಂದೇ ಆದ, ಅಕ್ಕಪಕ್ಕದ ಎರಡು ಊರುಗಳನ್ನು ಬೇರ್ಪಡಿಸಲು ನನ್ನದೇ ಒಂದು ಉಪಾಯ ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಇನ್ನೊಂದು ತಾಲ್ಲೂಕಿನಲ್ಲಿ ಪಳಗಲಿ, ಆಮೇಲೆ ಹೇಳುತ್ತೇನೆ.

ಹರಪನಹಳ್ಳಿಯ ಕಥೆ ಹೇಳಲೇಬೇಕು. ಅದು ಮೊದಲು ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಅಲ್ಲಿಗೆ ಹೋಯಿತು. 2018ರ ಹೊತ್ತಿಗೆ ಮತ್ತೆ ಬಳ್ಳಾರಿಗೆ ಬಂತು. ಈಗ ವಿಜಯನಗರ. ವಿಕಿಡೇಟಾದಲ್ಲಿ ಯಾವ ಆಡಳಿತ ಪ್ರದೇಶಕ್ಕೆ ಸೇರಿದ್ದು ಎಂದು ಹೇಳುವ ಪಿ 131ರ ಅಡಿಯಲ್ಲಿ ಮೂರೂ ಕೂತಿದ್ದವು. ನನ್ನ ಇನ್ಫೋಬಾಕ್ಸ್ ಓಡಿದ ಮೊದಲ ದಿನ ಪುಟದಲ್ಲಿ "ಜಿಲ್ಲೆ: ದಾವಣಗೆರೆ, ಬಳ್ಳಾರಿ, ವಿಜಯನಗರ" ಎಂದು ಬಂತು! ಮುಗಿದ ದಿನಾಂಕ ಹಾಕಿದರೆ ಸಾಕು ಅಂದುಕೊಂಡಿದ್ದೆ. ಸಾಲದು. ಇನ್ಫೋಬಾಕ್ಸಿನ ಹಿಂದೆ ಓಡುವ ಕೋಡ್ (ಮಾಡ್ಯೂಲ್) ದಿನಾಂಕ ನೋಡುವುದಿಲ್ಲ, ಆದ್ಯತೆಯ ದರ್ಜೆ, ಅಂದರೆ ರ‍್ಯಾಂಕ್ ನೋಡುತ್ತದೆ. ಈಗಿನ ಜಿಲ್ಲೆಗೆ ಪ್ರಿಫರ್ಡ್ ರ‍್ಯಾಂಕ್ ಕೊಟ್ಟ ಮೇಲೆಯೇ ಸರಿಯಾಯಿತು. ಹಳೆಯದನ್ನು ಅಳಿಸಬೇಡಿ. ಅದು ಇತಿಹಾಸ, ಅದೂ ನಿಜವೇ.

ಜನಸಂಖ್ಯೆಯಲ್ಲೂ ಇದೇ ತೊಡಕು. 2011ರಲ್ಲಿ ವಿಜಯನಗರ ಜಿಲ್ಲೆಯೇ ಇರಲಿಲ್ಲ. ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನ ಒಳಗಿತ್ತು. ಹೀಗಾಗಿ ಕೊಟ್ಟೂರು ತಾಲ್ಲೂಕಿನ 2011ರ ಜನಸಂಖ್ಯೆ ಬೇಕಾದರೆ ಹಳ್ಳಿ ಹಳ್ಳಿ ಕೂಡಬೇಕು. ಕೂಡಿದ್ದೇನೆ, ಆದರೆ ಇನ್ನೂ ಏರಿಸಿಲ್ಲ. ಎರಡು ಹಳ್ಳಿಗಳು ಯಾವ ಕಡೆ ಸೇರಿದವು ಎಂದು ಗಟ್ಟಿ ಮಾಡಿಕೊಳ್ಳಬೇಕು. ಇನ್ನೊಂದು ಮಾತು: ಆಧಾರ ಇಲ್ಲದ ಸಂಖ್ಯೆಯನ್ನು ನನ್ನ ಇನ್ಫೋಬಾಕ್ಸ್ ತೋರಿಸುವುದೇ ಇಲ್ಲ. "ಇಂಥ ವಿಕಿಪೀಡಿಯದಿಂದ ತಂದದ್ದು" ಎಂಬುದನ್ನು ಆಧಾರ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಒಂದು ಶರತ್ತಿನಿಂದಲೇ ವಿರೋಧ ಮಾಡಿದವರಲ್ಲಿ ಇಬ್ಬರು ನನ್ನ ಕಡೆ ಬಂದರು.

ದುಡ್ಡಿನ ವಿಷಯ. ಮೊದಲು ಒಂದು ಬಾಡಿಗೆ ಸರ್ವರ್ ತೆಗೆದುಕೊಂಡಿದ್ದೆ, ತಿಂಗಳಿಗೆ 500 ರೂಪಾಯಿ ಚಿಲ್ಲರೆ, ಎಂಟು ತಿಂಗಳು. ಬರೀ ದಂಡ. ವಿಕಿ ಕೆಲಸಕ್ಕೆಂದೇ ವಿಕಿಮೀಡಿಯ ನಡೆಸುವ ಸರ್ವರ್ ಸೇವೆ ಟೂಲ್‌ಫೋರ್ಜ್ ಪುಕ್ಕಟೆ ಇದೆ, ಮೊದಲ ದಿನವೇ ಅಲ್ಲಿಗೆ ಹೋಗಬೇಕಿತ್ತು. ಹೆಸರು ಟೈಪ್ ಮಾಡಲು ಇಬ್ಬರು ಕಾಲೇಜು ಹುಡುಗರಿಗೆ ಹೆಸರಿಗೆ ಎರಡು ರೂಪಾಯಿಯಂತೆ ಕೊಟ್ಟೆ. ಅನುಮಾನ ಉಳಿದ ಮೂವತ್ತು ನಲವತ್ತು ಊರಿಗೆ ಕೆಂಪು ಬಸ್ಸಿನಲ್ಲಿ ನಾನೇ ಹೋದೆ. ಶಾಲೆಯ ಬೋರ್ಡು, ಪಂಚಾಯಿತಿ ಬೋರ್ಡು, ಮೈಲಿಗಲ್ಲು, ಮೂರರಲ್ಲಿ ಎರಡು ಒಂದೇ ರೀತಿ ಬರೆದಿದ್ದರೆ ಅದೇ ಹೆಸರು. ಬಸ್ಸು, ಊಟ, ಕಾಫಿ ಸೇರಿ ಮೂರು ಸಾವಿರ ಆಗಿರಬಹುದು. ಆ ಬೋರ್ಡು, ಮೈಲಿಗಲ್ಲುಗಳ ಫೋಟೋಗಳನ್ನು ವಿಕಿಮೀಡಿಯದ ಚಿತ್ರ ಭಂಡಾರ ಕಾಮನ್ಸ್‌ಗೆ ಹಾಕಿದ್ದೇನೆ. ಎಲ್ಲ ಸೇರಿ ಹತ್ತು ಸಾವಿರದೊಳಗೆ ಮುಗಿಯಿತು. ಇಷ್ಟು ಕಡಿಮೆಗೆ ಬೇರೆ ಯಾರೂ ಮಾಡಿದ್ದು ನಾನು ಕಂಡಿಲ್ಲ.

ನಡುವೆ ಒಂದು ಅಡ್ಡದಾರಿಯನ್ನೂ ಹಿಡಿದಿದ್ದೆ. ಜನರೇ ಸೇರಿ ಬರೆಯುವ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಮ್ಮ ಕಡೆಯ ಊರುಗಳಿಗೆ ಒಳ್ಳೆಯ ಕನ್ನಡ ಹೆಸರುಗಳಿವೆ. ಅವನ್ನೇ ಎಳೆದುಕೊಂಡರೆ ಬಸ್ ಹತ್ತುವ ಕೆಲಸವೇ ಇಲ್ಲ, ಅಲ್ವಾ? ಎಳೆಯುವ ಸ್ಕ್ರಿಪ್ಟ್ ಸಿದ್ಧವಾಗಿತ್ತು. ಅಷ್ಟರಲ್ಲಿ ಲೈಸೆನ್ಸ್ ಓದಿದೆ. ವಿಕಿಡೇಟಾ ಸಿಸಿ ಸೊನ್ನೆ, ಯಾವ ಶರತ್ತೂ ಇಲ್ಲ. ಮ್ಯಾಪಿನದ್ದು ಓಡಿಬಿಎಲ್, ಶರತ್ತು ಉಂಟು. ಅಲ್ಲಿಂದ ಇಲ್ಲಿಗೆ ರಾಶಿಯಾಗಿ ತರುವಂತಿಲ್ಲ. ನಾಲ್ಕು ದಿನದ ಕೆಲಸ ಹೋಯಿತು. ಆದರೆ ಮ್ಯಾಪಿನಲ್ಲಿ ಊರಿಗೆ ಕ್ಯೂ ಸಂಖ್ಯೆಯ ಟ್ಯಾಗ್ ಹಾಕಬಹುದು. ಒಂದೊಂದೇ ನೋಡಿ 120 ಊರಿಗೆ ಹಾಕಿದ್ದೇನೆ.

ಈಗ ಬಾಟ್ ರಾತ್ರಿ ಎರಡಕ್ಕೆ ಏಳುತ್ತದೆ. ಹಿಂದಿನ ದಿನ ಬದಲಾದ ಐಟಂಗಳನ್ನು ಮಾತ್ರ ಕೇಳುತ್ತದೆ. ಎಲ್ಲವನ್ನೂ ಒಂದೇ ಸಲ ವಿಕಿಡೇಟಾದ ಪ್ರಶ್ನೆ ಭಾಷೆ ಸ್ಪಾರ್ಕಲ್‌ನಲ್ಲಿ ಕೇಳಿದರೆ ಅರವತ್ತು ಸೆಕೆಂಡಿನ ಮಿತಿ ದಾಟಿ ಬಿದ್ದುಹೋಗುತ್ತಿತ್ತು. ಆಮೇಲೆ ಆ ಪುಟಗಳ ಕ್ಯಾಶ್ (ಸರ್ವರ್ ಉಳಿಸಿಟ್ಟುಕೊಂಡ ಹಳೆಯ ಪ್ರತಿ) ತೆರವು ಮಾಡುತ್ತದೆ, ಇಲ್ಲದಿದ್ದರೆ ಹೊಸ ಸಂಖ್ಯೆ ಎಷ್ಟೋ ಹೊತ್ತು ಕಾಣುವುದೇ ಇಲ್ಲ. ಆರು ನಿಮಿಷದ ಕೆಲಸ.

ಮುಂದೆ ಕೂಡ್ಲಿಗಿ ಹಿಡಿಯುತ್ತೇನೆ. 2027ರ ಜನಗಣತಿಯ ಸಂಖ್ಯೆ ಬಂದಾಗ 2011ರದ್ದನ್ನು ಅಳಿಸದೆ, ಪಕ್ಕದಲ್ಲಿ ಹೊಸದನ್ನು ಪ್ರಿಫರ್ಡ್ ರ‍್ಯಾಂಕ್ ಕೊಟ್ಟು ಕೂರಿಸಬೇಕು. ಅದಕ್ಕೆ ಬೇಕಾದ ಕೋಡ್ ಬರೆದು ಇಟ್ಟಿದ್ದೇನೆ, ಹರಪನಹಳ್ಳಿಯ ಹತ್ತು ಊರಿನ ಮೇಲೆ ಪರೀಕ್ಷೆಯೂ ಆಗಿದೆ.